ಮನೆ ಪರಿಹಾರದ ಅರ್ಜಿ ತಿರಸ್ಕಾರವಾದರೆ: ಧಾರವಾಡದ ದಾರಿ ಹಿಡಿಯುವ ಮುನ್ನ

2019ರ ಆಗಸ್ಟ್‌ನಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ಮೂರೂ ಉಕ್ಕಿದಾಗ ಕಲ್ಲೋಳ-ಯಡೂರ, ಕಾರದಗಾ-ಭೋಜ, ಕುನ್ನೂರ-ಬಾರವಾಡ, ಜತ್ರಾಟ-ಭೀವಶಿ ಸೇತುವೆಗಳೆಲ್ಲ ನೀರಿನಡಿ ಸೇರಿದವು. ಕಾಗವಾಡ ತಾಲ್ಲೂಕಿನ ಜುಗೂಳ, ಮಂಗಾವತಿ, ಅಥಣಿಯ ಹುಲಗಬಾಳಿ, ಸಪ್ತಸಾಗರ, ರಾಯಬಾಗದ ಕುಡಚಿ, ಚಿಕ್ಕೋಡಿಯ ಇಂಗಳಿ, ಮಾಂಜರಿಗಳ ಜನ ದನಕರುಗಳ ಸಮೇತ ಕಾಳಜಿ ಕೇಂದ್ರ ಸೇರಿದರು. ನೀರು ಇಳಿದ ಮೇಲೆ ಸರ್ಕಾರ ಮನೆ ಹಾನಿಯನ್ನು ಮೂರು ವರ್ಗ ಮಾಡಿತು: ಮುಕ್ಕಾಲು ಪಾಲಿಗಿಂತ ಹೆಚ್ಚು ಹಾನಿಯಾಗಿದ್ದರೆ ‘ಎ’, ಕಾಲು ಪಾಲಿನಿಂದ ಮುಕ್ಕಾಲಿನವರೆಗೆ ‘ಬಿ’, ಶೇ 15ರಿಂದ 25ರಷ್ಟಾದರೆ ‘ಸಿ’. ಆಗ ಜಾರಿಯಲ್ಲಿದ್ದ ಕೇಂದ್ರದ ಮಾನದಂಡದಂತೆ ಬಯಲು ಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ ಸಿಗುತ್ತಿದ್ದದ್ದು 95,100 ರೂಪಾಯಿ. ರಾಜ್ಯ ಸರ್ಕಾರ ಅದನ್ನು 5 ಲಕ್ಷಕ್ಕೆ ಏರಿಸಿತು. ‘ಸಿ’ ವರ್ಗಕ್ಕೆ 50 ಸಾವಿರ. ಒಂದು ಅಕ್ಷರದ ವ್ಯತ್ಯಾಸದಲ್ಲಿ ನಾಲ್ಕೂವರೆ ಲಕ್ಷ ರೂಪಾಯಿ ಅಂತರ. ಪಟ್ಟಿಯಲ್ಲಿ ಹೆಸರೇ ಬಾರದವರಿಗೆ ಅದೂ ಇಲ್ಲ. ಅದಾದ ಮೇಲೆ 2021ರಲ್ಲೂ 2024ರಲ್ಲೂ ಹೊಳೆ ಮತ್ತೆ ಊರೊಳಗೆ ಬಂದಿದೆ, ಮುಂದೆಯೂ ಬರುತ್ತದೆ. ಹಾಗಾಗಿ ಅರ್ಜಿ ತಿರಸ್ಕಾರವಾದಾಗ ಏನು ಮಾಡಬೇಕೆಂಬುದು ನಿಪ್ಪಾಣಿಯೂ ಸೇರಿ ಈ ಐದು ತಾಲ್ಲೂಕುಗಳ ಹೊಳೆದಂಡೆಯ ಪ್ರತಿ ಮನೆಗೂ ಗೊತ್ತಿರಬೇಕು.

ಇಂಥ ಹೊತ್ತಿನಲ್ಲಿ ಜನ ಸಾಮಾನ್ಯವಾಗಿ ಆಡುವ ಮಾತು ‘ಹೈಕೋರ್ಟಿಗೆ ಹೋಗೋಣ’. ಹೋಗಬಹುದು. ಆದರೆ ಅಲ್ಲಿ ಏನು ಸಿಗುತ್ತದೆ ಎಂಬುದನ್ನು ಮೊದಲು ಸರಿಯಾಗಿ ತಿಳಿದುಕೊಳ್ಳಬೇಕು. ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ ಹಾಕಿದರೆ, ನಿಮ್ಮ ಮನೆ ನಿಜಕ್ಕೂ ಬಿದ್ದಿತ್ತೇ, ಮುಕ್ಕಾಲು ಪಾಲು ಬಿದ್ದಿತ್ತೇ, ಅರ್ಧವೇ ಎಂದು ನ್ಯಾಯಮೂರ್ತಿಗಳು ಸಾಕ್ಷಿ ಕರೆದು ವಿಚಾರಿಸುವುದಿಲ್ಲ. ಅದನ್ನು ತೀರ್ಮಾನಿಸಿದ ಅಧಿಕಾರಿ ಹೇಗೆ ತೀರ್ಮಾನಿಸಿದರು ಎಂಬುದನ್ನಷ್ಟೇ ನೋಡುತ್ತಾರೆ. ನೋಡಬೇಕಾದ ದಾಖಲೆ ನೋಡಿದ್ದಾರೆಯೇ? ಬೇಡದ ಸಂಗತಿಯನ್ನು ತಲೆಗೆ ತೆಗೆದುಕೊಂಡಿದ್ದಾರೆಯೇ? ನಿಮ್ಮ ಮಾತು ಕೇಳಿದ್ದಾರೆಯೇ? ಕಾರಣ ಕೊಟ್ಟಿದ್ದಾರೆಯೇ? ಇವಕ್ಕೆ ಉತ್ತರ ಸಿಗಬೇಕಾದದ್ದು ತಾಲ್ಲೂಕು ಕಚೇರಿಯ ಕಡತದಲ್ಲಿ. ಅಲ್ಲಿ ನಿಮ್ಮ ಕಡೆಯ ಕಾಗದ ಸೇರಿರದಿದ್ದರೆ ಹೈಕೋರ್ಟಿನ ಪೀಠವಿರುವ ಧಾರವಾಡದಲ್ಲಿ ಎಷ್ಟೇ ದೊಡ್ಡ ವಕೀಲರು ನಿಂತರೂ ಮಾತಾಡಲು ಸರಕು ಇರುವುದಿಲ್ಲ. ನ್ಯಾಯಾಂಗ ಪರಾಮರ್ಶೆಯ ಗೆಲುವು ಸೋಲು ಬಹುಪಾಲು ತಹಶೀಲ್ದಾರರ ಟಪಾಲು ವಿಭಾಗದಲ್ಲೇ ತೀರ್ಮಾನವಾಗುತ್ತದೆ ಎಂಬುದು ಈ ಲೇಖನದ ವಾದ.

ಪರಿಹಾರ ಎಂದರೆ ಸರ್ಕಾರದ ದಯೆ, ಕೊಟ್ಟರೆ ಉಂಟು, ಕೊಡದಿದ್ದರೆ ಕೇಳುವ ಹಕ್ಕೆಲ್ಲಿದೆ ಎನ್ನುವವರಿದ್ದಾರೆ. ಕಚೇರಿಗಳಲ್ಲಿ ಈ ಮಾತು ಎಷ್ಟು ರೂಢಿಯಾಗಿದೆಯೆಂದರೆ ಸಂತ್ರಸ್ತರೇ ಅದನ್ನು ನಂಬಿಬಿಟ್ಟಿದ್ದಾರೆ. ಆದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 12ನೇ ಕಲಂ, ಸಂತ್ರಸ್ತರಿಗೆ ಕೊಡಬೇಕಾದ ಕನಿಷ್ಠ ಪರಿಹಾರದ ಮಾರ್ಗಸೂಚಿ ರೂಪಿಸಬೇಕೆಂದು ರಾಷ್ಟ್ರೀಯ ಪ್ರಾಧಿಕಾರಕ್ಕೆ ಹೇಳುತ್ತದೆ. ಅದರಲ್ಲಿ ಜೀವಹಾನಿಯ ಜೊತೆಗೇ ಮನೆ ಹಾನಿಯ ಹೆಸರೂ ಇದೆ. ಕೋವಿಡ್ ಸಾವುಗಳ ಪರಿಹಾರ ಕುರಿತ ರೀಪಕ್ ಕನ್ಸಲ್ ಪ್ರಕರಣದಲ್ಲಿ 2021ರ ಜೂನ್ 30ರಂದು ಸುಪ್ರೀಂ ಕೋರ್ಟ್ ಈ ಕಲಂ ಕಡ್ಡಾಯ, ಪ್ರಾಧಿಕಾರ ಇಷ್ಟ ಬಂದರೆ ಮಾಡುವಂಥದ್ದಲ್ಲ ಎಂದು ಹೇಳಿತು. ಮೊತ್ತ ಎಷ್ಟು ಎಂಬುದನ್ನು ಸರ್ಕಾರ ನಿರ್ಧರಿಸಬಹುದು, ಅದರಲ್ಲಿ ನ್ಯಾಯಾಲಯ ಕೈಹಾಕುವುದು ಅಪರೂಪ. ಆದರೆ ಒಮ್ಮೆ ಮೊತ್ತ ನಿಗದಿಯಾಗಿ, ವರ್ಗ ಗೊತ್ತಾಗಿ, ಆದೇಶ ಹೊರಬಿದ್ದ ಮೇಲೆ ಒಂದು ಓಣಿಯ ಮನೆಗೆ ಕೊಟ್ಟು ಅದೇ ಸ್ಥಿತಿಯ ಪಕ್ಕದ ಮನೆಗೆ ಕಾರಣ ಹೇಳದೆ ನಿರಾಕರಿಸಲು 14ನೇ ವಿಧಿ ಬಿಡುವುದಿಲ್ಲ. ಇದೇ ಕಾಯ್ದೆಯ 61ನೇ ಕಲಂ ಪರಿಹಾರದಲ್ಲಿ ಲಿಂಗ, ಜಾತಿ, ಸಮುದಾಯ, ವಂಶ, ಧರ್ಮದ ಆಧಾರದ ಭೇದವನ್ನು ನಿಷೇಧಿಸುತ್ತದೆ. ಇನ್ನೊಂದು ಕಲಮನ್ನು ಈ ಭಾಗದ ಓದುಗರು ವಿಶೇಷವಾಗಿ ನೆನಪಿಡಬೇಕು. 71ನೇ ಕಲಂ ಪ್ರಕಾರ, ಈ ಕಾಯ್ದೆಯಡಿ ಕೈಗೊಂಡ ಕ್ರಮದ ವಿರುದ್ಧದ ದಾವೆಯನ್ನು ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ಬಿಟ್ಟು ಬೇರೆ ನ್ಯಾಯಾಲಯ ನಡೆಸುವಂತಿಲ್ಲ. ಅಂದರೆ ಚಿಕ್ಕೋಡಿಯಲ್ಲೋ ಅಥಣಿಯಲ್ಲೋ ಸಿವಿಲ್ ದಾವೆ ಹೂಡಿ ವರ್ಷಗಟ್ಟಲೆ ಓಡಾಡಿದ ಮೇಲೆ ‘ಇದು ನಮ್ಮ ವ್ಯಾಪ್ತಿಯಲ್ಲ’ ಎಂದು ಹೇಳಿಸಿಕೊಳ್ಳುವ ಅಪಾಯವಿದೆ.

ಕಾರಣ ಕೇಳುವ, ಮಾತು ಹೇಳಿಕೊಳ್ಳುವ ಹಕ್ಕು ಎಷ್ಟು ದೂರ ಹೋಗುತ್ತದೆ ಎಂದು ತಿಳಿಯಲು, ಮನೆಯಷ್ಟೇ ಅಲ್ಲ ದೇಶವನ್ನೇ ಕಳೆದುಕೊಂಡವರ ಪ್ರಕರಣಗಳನ್ನು ನೋಡಬೇಕು. ಕೆನಡಾದಲ್ಲಿ ಆಶ್ರಯ ಕೋರಿದ್ದ ಹರ್ಭಜನ್ ಸಿಂಗ್ ಮತ್ತಿತರರ ಅರ್ಜಿಗಳನ್ನು ಅಲ್ಲಿನ ಸರ್ಕಾರ ಕಾಗದ ನೋಡಿ ತಿರಸ್ಕರಿಸಿತ್ತು. 1985ರ ಏಪ್ರಿಲ್ 4ರಂದು ಅಲ್ಲಿನ ಸುಪ್ರೀಂ ಕೋರ್ಟ್, ಅರ್ಜಿದಾರ ಹೇಳುತ್ತಿರುವುದು ನಿಜವೋ ಸುಳ್ಳೋ ಎಂಬುದೇ ಪ್ರಶ್ನೆಯಾದಾಗ ಅವನನ್ನು ಎದುರಿಗೆ ಕೂರಿಸಿ ಕೇಳಲೇಬೇಕು ಎಂದಿತು. ಬ್ರಿಟನ್ನಿನಲ್ಲಿ 1987ರ ಬುಗ್ಡೇಕೆ ಪ್ರಕರಣದಲ್ಲಿ, ತೀರ್ಮಾನದಿಂದ ಒಬ್ಬನ ಜೀವಕ್ಕೆ ಅಪಾಯವಿದ್ದರೆ ನ್ಯಾಯಾಲಯ ಅದನ್ನು ಅಷ್ಟೇ ತೀವ್ರ ಎಚ್ಚರದಿಂದ ಪರಿಶೀಲಿಸಬೇಕೆಂಬ ಮಾತು ಬಂತು. ನಮ್ಮಲ್ಲಿ, ಮುಂಡಗೋಡದಂಥ ಕಡೆ ಟಿಬೆಟನ್ನರು 1960ರ ದಶಕದಿಂದ ನೆಲೆಸಿದ್ದರೂ, ನಿರಾಶ್ರಿತರಿಗಾಗಿ ಪ್ರತ್ಯೇಕ ಕಾನೂನಿಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆದರೂ 1996ರಲ್ಲಿ ಚಕ್ಮಾ ಜನರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 21ನೇ ವಿಧಿಯ ರಕ್ಷಣೆ ಈ ನೆಲದ ಮೇಲಿರುವ ಎಲ್ಲರಿಗೂ ಇದೆ ಎಂದಿತು. ಆ ತೀರ್ಪಿನಲ್ಲಿ ನಮಗೆ ಹತ್ತಿರದ ಇನ್ನೊಂದು ಅಂಶವಿದೆ. ಚಕ್ಮಾಗಳು ಪೌರತ್ವಕ್ಕೆ ಕೊಟ್ಟ ಅರ್ಜಿಗಳನ್ನು ಅರುಣಾಚಲದ ಸ್ಥಳೀಯ ಅಧಿಕಾರಿಗಳು ಮೇಲಕ್ಕೆ ಕಳಿಸುತ್ತಲೇ ಇರಲಿಲ್ಲ. ಅರ್ಜಿ ಬಂದರೆ ದಾಖಲಿಸಿಕೊಂಡು ಕಳಿಸಬೇಕು, ತೀರ್ಮಾನ ಮಾಡಬೇಕಾದವರು ಮಾಡಲಿ, ನಡುವೆ ತಡೆದಿಡಲು ಸ್ಥಳೀಯ ಅಧಿಕಾರಿಗೆ ಅಧಿಕಾರವಿಲ್ಲ ಎಂದು ನ್ಯಾಯಾಲಯ ನಿರ್ದೇಶಿಸಿತು. ಪರದೇಶದವರ ಅರ್ಜಿಗೇ ಇಷ್ಟು ಮರ್ಯಾದೆ ಸಲ್ಲಬೇಕಾದರೆ, ತಲೆಮಾರುಗಳಿಂದ ಇದೇ ಹೊಳೆದಂಡೆಯಲ್ಲಿ ಕಬ್ಬು ಬೆಳೆದು ಬದುಕಿದವರ ಅರ್ಜಿ ಪಂಚಾಯ್ತಿಯ ಕಪಾಟಿನಲ್ಲಿ ಕೊಳೆಯಬಾರದು.

ಮೊದಲ ಕೆಲಸ, ತಿರಸ್ಕಾರವನ್ನು ಕಾಗದದ ಮೇಲೆ ತರಿಸುವುದು. ‘ನಿಮ್ಮದು ರಿಜೆಕ್ಟ್ ಆಗೇತಿ’ ಎಂದು ಕಂಪ್ಯೂಟರ್ ನೋಡಿ ಹೇಳಿದ ಮಾತನ್ನು ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸಲಾಗದು. ತಹಶೀಲ್ದಾರರಿಗೆ ಎರಡು ಪ್ರತಿಯಲ್ಲಿ ಮನವಿ ಕೊಟ್ಟು, ಒಂದರ ಮೇಲೆ ಸ್ವೀಕೃತಿಯ ಮುದ್ರೆ, ದಿನಾಂಕ, ಸಹಿ ಹಾಕಿಸಿಕೊಂಡು, ಕಾರಣಸಹಿತ ಹಿಂಬರಹ ಕೊಡಿ ಎಂದು ಬರವಣಿಗೆಯಲ್ಲಿ ಕೇಳಬೇಕು. ಮುದ್ರೆ ಹಾಕಲು ಹಿಂದೇಟು ಹಾಕಿದರೆ ಅದೇ ಮನವಿಯನ್ನು ಅಂಚೆಯಲ್ಲಿ ನೋಂದಾಯಿಸಿ ಕಳಿಸಿ, ರಸೀದಿ ಜೋಪಾನ ಮಾಡಬೇಕು. ಮಾಹಿತಿ ಹಕ್ಕು ಕಾಯ್ದೆಯನ್ನು ನಾವು ದಾಖಲೆ ಪಡೆಯುವುದಕ್ಕೆ ಮಾತ್ರ ಬಳಸುತ್ತೇವೆ. ಆದರೆ ಅದರ 4(1)(ಡಿ) ಕಲಂ, ಆಡಳಿತಾತ್ಮಕ ತೀರ್ಮಾನದಿಂದ ಬಾಧಿತರಾದವರಿಗೆ ಅದರ ಕಾರಣ ಒದಗಿಸುವುದು ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯವೆಂದೇ ಹೇಳುತ್ತದೆ. ಮನವಿಯಲ್ಲಿ ಈ ಕಲಮನ್ನು ಹೆಸರಿಸಿ. ಜೊತೆಗೆ ಪ್ರತ್ಯೇಕ ಮಾಹಿತಿ ಹಕ್ಕು ಅರ್ಜಿಯಲ್ಲಿ ನಿಮ್ಮ ಮನೆಯ ಪಂಚನಾಮೆ, ಎಂಜಿನಿಯರ್ ವರದಿ, ಸಮೀಕ್ಷೆಯ ದಿನ ತೆಗೆದ ಫೋಟೊ, ಪಟ್ಟಿಯಲ್ಲಿ ನಿಮ್ಮ ಹೆಸರಿನೆದುರಿನ ಷರಾ, ತಂಡದಲ್ಲಿದ್ದ ಅಧಿಕಾರಿಗಳ ಹುದ್ದೆ ಇವುಗಳ ದೃಢೀಕೃತ ನಕಲು ಕೇಳಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, ಸಾಮಾನ್ಯವಾಗಿ 150 ಪದದೊಳಗಿರಬೇಕು. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ನಿಪ್ಪಾಣಿ, ಕಾಗವಾಡದವರು ಇನ್ನೊಂದನ್ನು ಗಮನಿಸಬೇಕು. ಇವು ಚಿಕ್ಕೋಡಿ ಮತ್ತು ಅಥಣಿಯಿಂದ ಬೇರೆಯಾದ ಹೊಸ ತಾಲ್ಲೂಕುಗಳು, ಹಳೆಯ ಕಾಗದ ಮೂಲ ತಾಲ್ಲೂಕಿನಲ್ಲೇ ಇರಬಹುದು. ಬೇರೆ ಕಚೇರಿಯಲ್ಲಿದೆ ಎಂದು ಅರ್ಜಿ ವಾಪಸ್ ಕೊಡುವಂತಿಲ್ಲ, 6(3)ನೇ ಕಲಂ ಪ್ರಕಾರ ಅವರೇ ಅದನ್ನು ವರ್ಗಾಯಿಸಬೇಕು.

ಕಾರಣ ಬರವಣಿಗೆಯಲ್ಲಿ ಬಂದ ಮೇಲೆ ಅದಕ್ಕೆ ದೊಡ್ಡ ಬೆಲೆಯಿದೆ. ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1977ರಷ್ಟು ಹಿಂದೆಯೇ ಹೇಳಿದೆ: ಆದೇಶ ನಿಲ್ಲಬೇಕಾದದ್ದು ಅದರಲ್ಲಿ ಬರೆದಿರುವ ಕಾರಣದ ಮೇಲೆ, ಆಮೇಲೆ ನ್ಯಾಯಾಲಯಕ್ಕೆ ಪ್ರಮಾಣಪತ್ರ ಹಾಕಿ ಹೊಸ ಕಾರಣ ಸೇರಿಸುವಂತಿಲ್ಲ. ಹಿಂಬರಹದಲ್ಲಿ ‘ಉತಾರ ಅರ್ಜಿದಾರರ ಹೆಸರಿನಲ್ಲಿಲ್ಲ’ ಎಂದಷ್ಟೇ ಇದ್ದರೆ, ಧಾರವಾಡದಲ್ಲಿ ಸರ್ಕಾರಿ ವಕೀಲರು ‘ಮನೆಯೇ ಬಿದ್ದಿರಲಿಲ್ಲ’ ಎಂದು ಹೊಸದಾಗಿ ಹೇಳಲಾಗದು. ಹಾಗಾಗಿ ಕಾರಣವೇನೆಂದು ನೋಡಿಕೊಂಡು ಅದಕ್ಕೆ ನೇರ ಉತ್ತರ ಕಟ್ಟಬೇಕು. ಅಣ್ಣತಮ್ಮಂದಿರು ಬೇರೆ ಬೇರೆ ಒಲೆ ಹೂಡಿ ವರ್ಷಗಳಾಗಿದ್ದರೂ ಉತಾರ ಸತ್ತ ಅಜ್ಜನ ಹೆಸರಿನಲ್ಲೇ ಉಳಿದಿರುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಆಗ ಪ್ರತ್ಯೇಕ ಪಡಿತರ ಚೀಟಿ, ಹೆಸ್ಕಾಂನ ಪ್ರತ್ಯೇಕ ಮೀಟರಿನ ಬಿಲ್ಲು, ಮನೆಪಟ್ಟಿ ಕಟ್ಟಿದ ರಸೀದಿ, ಅನಿಲ ಸಂಪರ್ಕದ ಪುಸ್ತಕ ಇವೇ ವಾಸದ ಸಾಕ್ಷಿ. ಗಾಯರಾಣದಲ್ಲೋ ಗಾಂವಠಾಣದ ಅಂಚಿನಲ್ಲೋ ಕಟ್ಟಿದ ಮನೆಯಾದರೆ, ಪರಿಹಾರದ ಆದೇಶ ನಿಜಕ್ಕೂ ಮಾಲೀಕತ್ವ ಕೇಳುತ್ತದೆಯೋ ವಾಸವನ್ನಷ್ಟೇ ಕೇಳುತ್ತದೆಯೋ ಎಂದು ಆದೇಶದ ಪ್ರತಿ ತೆಗೆದು ಓದಬೇಕು. ಆದೇಶದಲ್ಲಿಲ್ಲದ ಷರತ್ತನ್ನು ಕಚೇರಿ ಸೇರಿಸಿದ್ದರೆ ಆ ಒಂದೇ ಕಾರಣಕ್ಕೆ ತಿರಸ್ಕಾರ ಬೀಳಬಹುದು.

ಮಣ್ಣಿನ ಗೋಡೆಯ ಮನೆಗಳ ಸಮಸ್ಯೆ ಇನ್ನೂ ಸೂಕ್ಷ್ಮ, ಇದನ್ನು ಸ್ವಲ್ಪ ನಿಂತು ನೋಡಬೇಕು. ಒಂದೆರಡು ವಾರ ನೀರಲ್ಲಿ ನಿಂತ ಗೋಡೆ ನೀರು ಇಳಿದ ಕೂಡಲೇ ಬೀಳಬೇಕೆಂದಿಲ್ಲ. ಬುಡ ನೆನೆದು ಮೆತ್ತಗಾಗಿರುತ್ತದೆ, ಮೇಲಿನ ಭಾಗ ನಿಂತಿರುತ್ತದೆ. ಬಿಸಿಲು ಬಿದ್ದು ಮಣ್ಣು ಒಣಗುತ್ತ ಬಂದಂತೆ ಅಡಿಪಾಯದಿಂದ ಒಂದು ಗೇಣು ಮೇಲೆ ಅಡ್ಡಕ್ಕೆ ಬಿರುಕು ಬಿಡುತ್ತದೆ, ಮೂಲೆಗಳು ಬಾಯಿಬಿಡುತ್ತವೆ, ತೊಲೆ ಜಗ್ಗುತ್ತದೆ, ಎಷ್ಟೋ ದಿನದ ಮೇಲೆ ಒಂದು ರಾತ್ರಿ ಗೋಡೆ ಕುಸಿಯುತ್ತದೆ. ಸಮೀಕ್ಷೆಯ ತಂಡ ಬಂದ ದಿನ ಅದು ‘ಭಾಗಶಃ’ ಹಾನಿ, ಬಿದ್ದ ದಿನ ನೋಡಲು ತಂಡವೇ ಇರುವುದಿಲ್ಲ. ಇಂಥ ಮನೆಯವರು ಬಿದ್ದ ಮರುದಿನವೇ ದಿನಾಂಕ, ಸ್ಥಳ ಕಾಣುವಂತೆ ಫೋಟೊ ತೆಗೆದು, ಗ್ರಾಮ ಆಡಳಿತಾಧಿಕಾರಿ ಮತ್ತು ಪಿಡಿಒ ಇಬ್ಬರಿಗೂ ಬರೆದು ಮರುಸಮೀಕ್ಷೆ ಕೇಳಬೇಕು. ನೆರೆಯ ಇಬ್ಬರ ಸಹಿ ಹಾಕಿಸಬೇಕು. ಅವಶೇಷ ತೆಗೆಯುವ ಮೊದಲೇ ಇದಾಗಬೇಕು. ಮರುಸಮೀಕ್ಷೆ ಕೇಳಿದ್ದಕ್ಕೆ ಕಾಗದವಿದ್ದೂ ಯಾರೂ ಬಂದು ನೋಡದೆ ಹಳೆಯ ವರ್ಗವನ್ನೇ ಉಳಿಸಿದ್ದರೆ, ಮುಖ್ಯ ಸಂಗತಿಯನ್ನು ಪರಿಗಣಿಸದೆ ಮಾಡಿದ ತೀರ್ಮಾನ ಎಂದು ವಾದಿಸಲು ರಿಟ್ ಅರ್ಜಿಗೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಇಲ್ಲಿ ಅಧಿಕಾರಿಗಳ ಪರವಾಗಿ ಬರುವ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಸಾವಿರಾರು ಮನೆ, ಕೈಬೆರಳೆಣಿಕೆಯ ಸಿಬ್ಬಂದಿ, ಮೇಲಿನಿಂದ ದಿನದ ಗಡುವು. ಪ್ರತಿಯೊಬ್ಬರನ್ನು ಕರೆದು ವಿಚಾರಣೆ ಮಾಡುತ್ತ ಕೂತರೆ ನಿಜವಾಗಿ ಮನೆ ಕಳೆದುಕೊಂಡವನಿಗೆ ಹಣ ಸೇರುವುದು ಯಾವಾಗ? ಸುಳ್ಳು ಅರ್ಜಿಗಳೂ ಇರುತ್ತವೆ, ಇಲ್ಲವೆನ್ನಲಾಗದು. ಗೊತ್ತಿದ್ದೂ ಸುಳ್ಳು ಹೇಳಿ ಪರಿಹಾರ ಕೇಳಿದರೆ ವಿಪತ್ತು ನಿರ್ವಹಣಾ ಕಾಯ್ದೆಯ 52ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಜೈಲು ಇರುವುದೂ ಅದಕ್ಕೇ. ಆದರೆ ಇದೇ ಆಕ್ಷೇಪವನ್ನು ಹರ್ಭಜನ್ ಸಿಂಗ್ ಪ್ರಕರಣದಲ್ಲಿ ಕೆನಡಾ ಸರ್ಕಾರವೂ ಮುಂದಿಟ್ಟಿತ್ತು. ನ್ಯಾಯದ ತತ್ವ ಬಿಟ್ಟರೆ ಸಮಯ, ಹಣ ಉಳಿಯುವುದು ನಿಜ, ಆದರೆ ಪ್ರಶ್ನೆ ಅದಲ್ಲ ಎಂಬರ್ಥದ ಉತ್ತರವನ್ನು ನ್ಯಾಯಮೂರ್ತಿ ಬರ್ತಾ ವಿಲ್ಸನ್ ಕೊಟ್ಟರು. ಅಲ್ಲದೆ ಮಾತು ಕೇಳುವುದೆಂದರೆ ಪ್ರತಿಯೊಬ್ಬನಿಗೂ ಕೋರ್ಟಿನಂಥ ವಿಚಾರಣೆ ಎಂದಲ್ಲ. ಕರಡು ಪಟ್ಟಿಯನ್ನು ಪಂಚಾಯ್ತಿಯ ಗೋಡೆಗೆ ಅಂಟಿಸಿ, ಬಿಟ್ಟುಹೋದ ಹೆಸರಿನೆದುರು ಒಂದು ಸಾಲಿನ ಕಾರಣ ಬರೆದು, ಆಕ್ಷೇಪಣೆಗೆ ಹದಿನೈದು ದಿನ ಕೊಟ್ಟು, ಆಕ್ಷೇಪಿಸಿದವರ ಮನೆಯನ್ನು ಮಾತ್ರ ಬೇರೊಬ್ಬ ಎಂಜಿನಿಯರ್ ನೋಡಿದರೆ ಸಾಕು. ತುರ್ತು ಪರಿಹಾರವನ್ನು ತಕ್ಷಣ ಕೊಟ್ಟು, ಮನೆಯ ವರ್ಗವನ್ನು ಹೀಗೆ ನಿಧಾನಿಸಿ ನಿರ್ಧರಿಸಲು ಅಡ್ಡಿಯೇನಿದೆ? ಸುಳ್ಳು ಅರ್ಜಿ ಸಿಕ್ಕಿಬೀಳುವುದೂ ಪಟ್ಟಿ ಊರಿನ ಕಣ್ಣಿಗೆ ಬಿದ್ದಾಗಲೇ, ಯಾಕೆಂದರೆ ಯಾರ ಮನೆ ಬಿದ್ದಿದೆ ಎಂಬುದು ಓಣಿಗೆಲ್ಲ ಗೊತ್ತಿರುತ್ತದೆ.

ಎರಡನೆಯ ಆಕ್ಷೇಪ ನ್ಯಾಯಾಲಯಗಳದ್ದೇ, ಅದನ್ನು ವಕೀಲರಲ್ಲದವರೂ ತಿಳಿದಿರಬೇಕು. ನೋಟಿಸ್ ಕೊಡಲಿಲ್ಲ, ಮಾತು ಕೇಳಲಿಲ್ಲ ಎಂದ ಮಾತ್ರಕ್ಕೆ ಆದೇಶ ರದ್ದಾಗುತ್ತದೆ ಎಂದು ಮೊದಲು ಭಾವನೆಯಿತ್ತು. ಈಗ ಹಾಗಿಲ್ಲ. ಸುಧೀರ್ ಕುಮಾರ್ ಸಿಂಗ್ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್, ಸಹಜ ನ್ಯಾಯ ಉಲ್ಲಂಘನೆಯಿಂದ ಅರ್ಜಿದಾರನಿಗೆ ನಿಜವಾದ ಬಾಧಕವಾಗಿದೆ ಎಂಬುದನ್ನು ತೋರಿಸಬೇಕು ಎಂದು ಸ್ಪಷ್ಟಪಡಿಸಿತು. ಇದು ಕಠಿಣವೆನಿಸಿದರೂ ಅನ್ಯಾಯವೇನಲ್ಲ. ‘ನನ್ನ ಮಾತು ಕೇಳಲಿಲ್ಲ’ ಎಂದು ಬರೆದು ನಿಲ್ಲಿಸಬೇಡಿ. ಕೇಳಿದ್ದರೆ ಏನು ಹೇಳುತ್ತಿದ್ದೆ, ಯಾವ ಕಾಗದ ತೋರಿಸುತ್ತಿದ್ದೆ, ಅದರಿಂದ ತೀರ್ಮಾನ ಹೇಗೆ ಬದಲಾಗುತ್ತಿತ್ತು ಎಂದು ಅರ್ಜಿಯಲ್ಲೇ ಬಿಡಿಸಿ ಬರೆಸಿ. ಮೇಲೆ ಹೇಳಿದ ಮೀಟರಿನ ಬಿಲ್ಲು, ಗೋಡೆಯ ಫೋಟೊ ಇಲ್ಲಿ ಉಪಯೋಗಕ್ಕೆ ಬರುತ್ತವೆ.

ಭಾಷೆಯೂ ಇದರೊಳಗೇ ಬರುತ್ತದೆ. ಈ ಐದೂ ತಾಲ್ಲೂಕುಗಳಲ್ಲಿ ಮನೆಯಲ್ಲಿ ಮರಾಠಿ ಆಡುವವರು ಬಹಳಿದ್ದಾರೆ, ಕನ್ನಡದ ಹಿಂಬರಹ ಓದಲಾಗದೆ ಗಡುವು ತಪ್ಪಿಸಿಕೊಳ್ಳುವವರಲ್ಲಿ ಮುದುಕರು, ಹೆಂಗಸರು ಹೆಚ್ಚು. ಆಡಳಿತ ಭಾಷೆ ಕನ್ನಡವೇ ಆಗಿರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲೋ ರಾಜ್ಯದಲ್ಲೋ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದೆಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಮರಾಠಿಯಲ್ಲಿ ಬರೆದಿದೆ ಎಂಬ ಕಾರಣಕ್ಕೆ ನೆರೆ ಸಂತ್ರಸ್ತೆಯ ಮನವಿ ವಾಪಸ್ ಕೊಡುವುದು ಕನ್ನಡಕ್ಕೆ ಮಾಡುವ ಸೇವೆಯಲ್ಲ.

ತಡ ಮಾಡುವುದು ಈ ಪ್ರಕರಣಗಳಿಗೆ ಒದಗುವ ದೊಡ್ಡ ಕೇಡು. ರಿಟ್ ಅರ್ಜಿಗೆ ಇಂತಿಷ್ಟೇ ದಿನ ಎಂಬ ಕಾಲಮಿತಿ ಕಾನೂನಿನಲ್ಲಿಲ್ಲ, ಅದನ್ನೇ ನಂಬಿ ಜನ ವರ್ಷಗಟ್ಟಲೆ ಶಾಸಕರ ಪತ್ರ, ಮನವಿಯ ಮೇಲೆ ಮನವಿ ಎಂದು ಕಾಯುತ್ತಾರೆ. ಸಿವಿಲ್ ದಾವೆಗಿರುವ ಕಾಲಮಿತಿ ಮೀರಿದ್ದರೆ ಸಾಮಾನ್ಯವಾಗಿ ಅದನ್ನು ಅತಿಯಾದ ವಿಳಂಬವೆಂದು ಎಣಿಸಬಹುದು ಎಂದು 1964ರಲ್ಲೇ ಭೈಲಾಲ್ ಭಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಳಸಿದ ಹಕ್ಕಿಗೆ ಮತ್ತೆ ಮತ್ತೆ ಮನವಿ ಕೊಟ್ಟು, ಅದಕ್ಕೆ ಬಂದ ಉತ್ತರವನ್ನೇ ಹೊಸ ಕಾರಣವೆಂದು ತೋರಿಸಿ ಬರಲಾಗದು ಎಂದು 2008ರ ಸಿ. ಜೇಕಬ್ ಪ್ರಕರಣ ಕಟ್ಟುನಿಟ್ಟಾಗಿ ಹೇಳಿತು. ಹಾಗಾಗಿ 2019ರ ತಿರಸ್ಕಾರವನ್ನು ಇಂದಿಗೂ ಪ್ರಶ್ನಿಸದವರ ದಾರಿ ಕಷ್ಟದ್ದು, ವಿಳಂಬಕ್ಕೆ ದಾಖಲೆಸಹಿತ ಕಾರಣ ಬೇಕೇ ಬೇಕು. ಇತ್ತೀಚಿನ ನೆರೆಯಲ್ಲಿ ಮನೆ ಕಳೆದುಕೊಂಡವರು ತಹಶೀಲ್ದಾರ್, ಚಿಕ್ಕೋಡಿಯ ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿ ಮೂವರಿಗೂ ಒಂದೊಂದು ಮನವಿ ಕೊಟ್ಟು, ಎರಡು ಮೂರು ತಿಂಗಳು ನೋಡಿ, ಉತ್ತರವಿಲ್ಲದಿದ್ದರೆ ವಕೀಲರನ್ನು ಕಾಣುವುದು ಒಳ್ಳೆಯದು.

ವಕೀಲರ ಖರ್ಚು ಎಲ್ಲಿಂದ ಎಂಬ ಭಯ ಸಹಜ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಉಚಿತ ವಕೀಲರ ನೆರವಿಗೆ ಅರ್ಹರಾದವರ ಪಟ್ಟಿಯಲ್ಲಿ ಪರಿಶಿಷ್ಟ ಜಾತಿ, ಪಂಗಡದವರು, ಮಹಿಳೆಯರ ಜೊತೆಗೆ ಪ್ರವಾಹ ಸಂತ್ರಸ್ತರನ್ನೂ ಹೆಸರಿಸಿ ಹೇಳಿದೆ. ಆದಾಯದ ಮಿತಿ ಅದಕ್ಕಾಗಿಯೇ ಇರುವ ಬೇರೊಂದು ವರ್ಗಕ್ಕೆ. ನೆರೆಪೀಡಿತ ಊರಿನವರಲ್ಲಿ ಇದು ಗೊತ್ತಿರುವವರು ಬಹಳ ಕಡಿಮೆ, ಪಂಚಾಯ್ತಿಗಳು ಕಾಳಜಿ ಕೇಂದ್ರದ ಬಾಗಿಲಲ್ಲೇ ಇದನ್ನು ಬರೆದು ಹಾಕಬೇಕು. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು, 15100ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು. ಹೈಕೋರ್ಟಿನ ಪ್ರಕರಣಗಳನ್ನು ಅದರದ್ದೇ ಕಾನೂನು ಸೇವಾ ಸಮಿತಿ ನೋಡಿಕೊಳ್ಳುತ್ತದೆ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆದ ಧಾರವಾಡ ಪೀಠ ಬರುವ ಮುಂಚೆ ಇದೇ ಕೆಲಸಕ್ಕೆ ಅಥಣಿಯವರು ಬೆಂಗಳೂರಿನವರೆಗೆ ಹೋಗಬೇಕಿತ್ತು.

ಧಾರವಾಡದಲ್ಲಿ ಗೆದ್ದರೆ ಏನು ಸಿಗುತ್ತದೆ? ಹೆಚ್ಚಿನ ಪ್ರಕರಣಗಳಲ್ಲಿ ಹಣ ಕೊಡಿ ಎಂಬ ಆದೇಶ ಬರುವುದಿಲ್ಲ, ತಿರಸ್ಕಾರ ರದ್ದು ಮಾಡಿ ಮತ್ತೆ ಪರಿಗಣಿಸಿ ಎಂದು ಅದೇ ಕಚೇರಿಗೆ ಕಳಿಸುತ್ತಾರೆ. ಇಷ್ಟಕ್ಕೆ ಇಷ್ಟೆಲ್ಲ ಯಾಕೆ, ಅದೇ ಅಧಿಕಾರಿ ಅದೇ ಉತ್ತರ ಕೊಡುತ್ತಾನೆ ಎಂದು ಕೈಚೆಲ್ಲುವವರ ನೋವು ಅರ್ಥವಾಗುತ್ತದೆ. ಆದರೆ ಎರಡನೆಯ ಸಲ ಆ ಅಧಿಕಾರಿ ನಿಮ್ಮ ಕಾಗದ ನೋಡಿ, ನಿಮ್ಮ ಮಾತು ಕೇಳಿ, ಕಾರಣ ಬರೆದು, ಅದು ಮತ್ತೆ ನ್ಯಾಯಾಲಯದ ಕಣ್ಣಿಗೆ ಬೀಳಬಹುದೆಂಬ ಅರಿವಿನಲ್ಲಿ ಸಹಿ ಹಾಕಬೇಕು. ಇದರ ಬಲ ಹೆಚ್ಚಬೇಕಾದರೆ ರಿಟ್ ಅರ್ಜಿಯ ಕೋರಿಕೆಯನ್ನು ಜಾಗ್ರತೆಯಿಂದ ಬರೆಸಬೇಕು. ಬರೀ ‘ಮನವಿ ಪರಿಗಣಿಸಲು ನಿರ್ದೇಶಿಸಿ’ ಎಂದು ಕೇಳಿದರೆ ಅಷ್ಟೇ ಸಿಗುತ್ತದೆ. ಇಂತಿಷ್ಟು ವಾರದೊಳಗೆ, ಸ್ಥಳ ಪರಿಶೀಲನೆ ನಡೆಸಿ, ಅರ್ಜಿದಾರರ ಎದುರಿನಲ್ಲಿ, ಹೆಸರಿಸಿದ ದಾಖಲೆಗಳನ್ನು ನೋಡಿ, ಕಾರಣಸಹಿತ ಆದೇಶ ಮಾಡಬೇಕು ಎಂದು ಬಿಡಿಬಿಡಿಯಾಗಿ ಕೇಳಬೇಕು. ಅರ್ಜಿಯೇ ವಜಾ ಆದರೆ ಕರ್ನಾಟಕ ಹೈಕೋರ್ಟ್ ಕಾಯ್ದೆಯ 4ನೇ ಕಲಂ ಅಡಿ ವಿಭಾಗೀಯ ಪೀಠಕ್ಕೆ 30 ದಿನದೊಳಗೆ ಮೇಲ್ಮನವಿ ಹೋಗಬಹುದು. ಗೆದ್ದಾಗ ಆದೇಶದ ದೃಢೀಕೃತ ಪ್ರತಿಯನ್ನು ಮುಚ್ಚಳಪತ್ರದೊಂದಿಗೆ ತಹಶೀಲ್ದಾರರಿಗೆ ಕೊಟ್ಟು ಮುದ್ರೆ ಹಾಕಿಸಿಕೊಳ್ಳಿ, ಗಡುವು ಎಣಿಸುವುದು ಹೆಚ್ಚಾಗಿ ಅಲ್ಲಿಂದ. ಗಡುವು ಮುಗಿದರೂ ಆದೇಶ ಬಾರದಿದ್ದರೆ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಲು ಇರುವ ಅವಧಿ ಒಂದು ವರ್ಷ.